ಮುಖ ಕಾಣಬಾರದ ಚಿತ್ರ

ಇರುಳಿನ ನೀಲಾಂಬರವಿನ್ನೂ ಪೂರ್ತಿ ಜಾರಿರಲಿಲ್ಲ; ಕ್ಷಿತಿಜದ ಅಂಚಿನಲ್ಲಿ ಮಾತ್ರ, ಬೂದಿ ಮುಚ್ಚಿದ ಕೆಂಡವನ್ನು ಯಾರೋ ಮೆಲ್ಲನೆ ಊದಿದಂತೆ, ಅರುಣಕಾಂತಿ ಮಿನುಗಿ ಮಿನುಗಿ ಹಿಂಜರಿಯುತ್ತಿತ್ತು... ಮೂಡಣ ಕಡಲಿಗೆ ಹಿಂದಿರುಗಿದ ಅಲೆಗಳು ತೇವದ ಮರಳನ್ನು ಕನ್ನಡಿಯಾಗಿಸಿ ಹೋಗಿದ್ದವು. ಆ ಕನ್ನಡಿಯ ಮೇಲೆ ಬರಿಗಾಲಿನಲ್ಲಿ ಒಬ್ಬ ನರ್ತಕಿ ನಿಂತಿದ್ದಳು. ಇಪ್ಪತ್ತು ಹೆಜ್ಜೆ ದೂರದಲ್ಲಿ, ತನ್ನ ಎದೆಬಡಿತವೇ ಕ್ಯಾಮೆರಾವನ್ನು ಅಲುಗಿಸೀತೆಂಬ ಭಯದಿಂದ ಉಸಿರು ಬಿಗಿಹಿಡಿದು, ಅವಳನ್ನು ಏಳು ವರ್ಷ ಮೌನವಾಗಿ ಪ್ರೀತಿಸಿದ ಛಾಯಾಗ್ರಾಹಕ.

ಸಹೃದಯರೇ, ಆ ಮೌನದ ಕಥೆ ದೊಡ್ಡದೇನಲ್ಲ. ಬಸ್ ನಿಲ್ದಾಣದ ಎದುರಿನ ಅವನ ಸ್ಟುಡಿಯೋದಲ್ಲಿ ಹಗಲೆಲ್ಲ ಪಾಸ್‌ಪೋರ್ಟ್ ಅಳತೆಯ ಮುಖಗಳು. ಮೇಲಿನ ಮಹಡಿಯಲ್ಲಿ ಅವಳ ನೃತ್ಯಾಭ್ಯಾಸ. ಅವಳ ಹೆಜ್ಜೆಗೆ ಇವನ ಸೂರಿನ ದೀಪ ತೂಗುತ್ತಿತ್ತು. ಆ ತೂಗಾಟದಿಂದಲೇ ಅಂದು ಅವಳ ಮನಸ್ಸು ಹೇಗಿದೆಯೆಂದು ಇವನು ತಿಳಿಯುತ್ತಿದ್ದ. ಬಾಯಿಬಿಟ್ಟು ಹೇಳಿದ್ದು ಮಾತ್ರ ಏನೂ ಇಲ್ಲ. ಅಂಗಡಿ ನೋಡಿಕೊಳ್ಳುವ ಅವನ ಅಕ್ಕ ಹಂಗಿಸುತ್ತಿದ್ದಳು: “ಲೆನ್ಸಿನ ಮುಚ್ಚಳಾನ ಬಾಯಿಗೆ ಹಾಕ್ಕೊಂಡಿದೀಯೇನೋ?” ಅವನು ನಕ್ಕು ಸುಮ್ಮನಾಗುತ್ತಿದ್ದ. ಸುಮ್ಮನಿರುವಷ್ಟರಲ್ಲೇ ಕಾಲ ಮಿಂಚಿತು.

ಅವಳಿಗೆ ದೂರದೂರಿನ ಸಂಬಂಧ ನಿಶ್ಚಯವಾಯಿತು. ಆ ಮನೆಗೆ ಕುಣಿಯುವ ಸೊಸೆ ಬೇಡ. ಅವಳು ಕುಣಿದಿದ್ದಳೆಂಬ ಸುದ್ದಿಯೂ ಬೇಡ. ತಂದೆಯ ಮಾತಿಗೆ ತಲೆಬಾಗಿದ ಅವಳು, ಹೊರಡಲು ಎರಡೇ ದಿನವಿರುವಾಗ ಮೆಟ್ಟಿಲಿಳಿದು ಬಂದು ಒಂದೇ ಒಂದು ಚಿತ್ರ ಕೇಳಿದಳು.

“ನನ್ನ ಮುಖ ಕಾಣಬಾರದು. ಗೋಡೆ ಮೇಲೆ ನೋಡಿದವರು ಯಾವಳೋ ಹುಡುಗಿ ಅಂದ್ಕೋಬೇಕು. ನಾನು ಅಂತ ನನಗೆ ಗೊತ್ತಿದ್ರೆ ಸಾಕು.”

ಅದಕ್ಕಾಗಿಯೇ ಈ ಉದಯ. ಬೆಳಕನ್ನು ಆಗಸದಿಂದ ಅಳೆದರೆ, ಅದರೆದುರು ನಿಂತವರು ಬರಿಯ ಕಪ್ಪು ಆಕೃತಿಯಾಗುತ್ತಾರೆ; ಅವನ ಕಸುಬಿಗೆ ಅದು ಬಾಲಪಾಠ! ಹಾಗೆಯೇ ಅಳೆದೂ ಇಟ್ಟಿದ್ದ. ಸೂರ್ಯ ಹೊಮ್ಮಿದ, ಅವಳು ತೋಳೆತ್ತಿ, ಗಾಳಿಗೊಲಿದ ಬಳ್ಳಿಯಂತೆ ಬಾಗಿ, ಮೆಲ್ಲನೆ ಅವನತ್ತ ತಿರುಗಿದಳು... ಆಗ, ಸಾವಿರಾರು ಮುಖಗಳಿಗೆ ಬೆಳಕು ಕೂಡಿಸಿ ಪಳಗಿದ್ದ, ಈ ಮುಖವಿನ್ನು ಕಾಣಸಿಗದೆಂದು ಬಲ್ಲ ಅವನ ಬೆರಳುಗಳು, ಅಪ್ಪಣೆಗೂ ಕಾಯದೆ, ಬೆಳಕನ್ನು ಒಳಬಿಡುವ ಲೆನ್ಸಿನ ಉಂಗುರವನ್ನು ಅವಳ ಮುಖದ ಅಳತೆಗೆ ತಿರುಗಿಸಿಬಿಟ್ಟವು! ಅವನಿಗದರ ಅರಿವೂ ಆಗಲಿಲ್ಲ. ಅಂದು ತೆಗೆದ ಚಿತ್ರಗಳೆಲ್ಲ ಆ ಅಳತೆಯವೇ.

ಮಧ್ಯಾಹ್ನ, ಚಿತ್ರ ತೊಳೆಯುವ ಕೆಂಪು ದೀಪದ ಕೋಣೆಯಲ್ಲಿ, ಔಷಧಿಯ ನೀರಿನೊಳಗಿಂದ ಮೊದಲು ಎದ್ದು ಬಂದದ್ದು ಅವಳ ಕಣ್ಣು. ಆಮೇಲೆ ಕೆನ್ನೆಯ ಮೇಲಿಳಿದ ನೀರು. ಆಗಸ, ಕಡಲು, ಸೂರ್ಯ ಎಲ್ಲವೂ ಬಿಳುಪಿನಲ್ಲಿ ಅಳಿಸಿಹೋಗಿ, ಅವಳೊಬ್ಬಳೇ ಉಳಿದಿದ್ದಳು. ಅಳುತ್ತ ಕುಣಿದಿದ್ದಳು! ಇಪ್ಪತ್ತು ಹೆಜ್ಜೆಯ ದೂರದಿಂದ ಅವನಿಗದು ಕಂಡಿರಲಿಲ್ಲ. ಕಾಗದವನ್ನು ಎಷ್ಟು ಕಪ್ಪಾಗಿಸಿದರೂ ಆ ಮುಖ ಮುಳುಗಲೊಲ್ಲದು.

ಸಂಜೆ ಅವಳು ಬಂದು ಬಹಳ ಹೊತ್ತು ನೋಡಿದಳು. ತಪ್ಪಾಯಿತೆಂದು ಅವನು ತೊದಲಿದ. ನಾಳೆ ಇನ್ನೊಮ್ಮೆ ತೆಗೆಯುವೆನೆಂದ. ನಾಳೆಯ ರೈಲು ಸೂರ್ಯನಿಗಿಂತ ಮೊದಲೆಂದು ಅವಳು ಹೇಳಿದಳು. ಅಕ್ಕ ಏನೋ ನೆವ ಹೂಡಿ ಹೊರಗೆ ಹೋದಳು.

“ನಾನ್ಯಾಕೆ ಅತ್ತೆ ಅಂತ ಕೇಳಲ್ವಾ ನೀವು?”

ಅವನು ಚಿತ್ರದ ಸುರುಳಿಗಟ್ಟಿದ ಅಂಚನ್ನು ಬೆರಳಿನಿಂದ ಸವರಿ ನೇರಮಾಡತೊಡಗಿದ.

ಅವಳು ಇನ್ನಷ್ಟು ಹೊತ್ತು ಕಾದಳು. ಬಳಿಕ ಪಾಸ್‌ಪೋರ್ಟ್ ಚಿತ್ರಗಳನ್ನು ಕತ್ತರಿಸುವ ಹಲಗೆಯನ್ನು ತನ್ನತ್ತ ಎಳೆದುಕೊಂಡು, ಚಿತ್ರವನ್ನು ಅದರ ಮೇಲಿಟ್ಟು, ಕೊರಳಿನ ನೇರಕ್ಕೆ ಅಲಗನ್ನು ಇಳಿಸಿದಳು. ಎತ್ತಿದ ತೋಳಿನ ಬೆರಳುಗಳೂ ಮುಖದೊಂದಿಗೇ ಉಳಿದವು. ತೇವದ ಮರಳಿನ ಮೇಲಿನ ಪಾದಗಳನ್ನೂ ಬಾಗಿದ ನಡುವನ್ನೂ ಅವಳು ಕಾಗದದಲ್ಲಿ ಸುತ್ತಿಕೊಂಡಳು.

“ಇದು ಯಾರದ್ದು ಅಂತ ಅಲ್ಲಿ ಯಾರಿಗೂ ಗೊತ್ತಾಗಲ್ಲ. ಮುಖ ನಿಮ್ಮ ಹತ್ರಾನೇ ಇರ್ಲಿ. ಅಲ್ಲಿಗೆ ಬೇಕಾಗಿರೋದು ನಗೋ ಮುಖ.”

ಮರುದಿನ ಗಿರಾಕಿಗಳು ಬಂದರು, ಮುಖಗಳಿಗೆ ಬೆಳಕು ಬಿತ್ತು. ಸೂರಿನ ದೀಪ ಮಾತ್ರ ಅಲುಗಲಿಲ್ಲ. ಮನುಷ್ಯರ ಒಲವೂ ಹೀಗೆಯೇ ಏನೋ... ಬಾಯಿ ಬಚ್ಚಿಟ್ಟದ್ದನ್ನು ಕೈ ಒಂದು ದಿನ ಹೇಳಿಬಿಡುತ್ತದೆ, ಅದೂ ಹೊತ್ತು ಮೀರಿದ ಮೇಲೆ. ಕೇಳಬೇಕಾದವರಿಗೆ ಅದು ಕೇಳಿಸಿತಲ್ಲ ಎಂಬ ಒಂದು ಸಮಾಧಾನ, ಮುಳುಗಿದ ಸೂರ್ಯ ಮೋಡದಂಚಿಗೆ ಬಿಟ್ಟುಹೋದ ಬೆಳಕಿನಂತೆ, ಎದೆಯಲ್ಲಿ ಬಹುಕಾಲ ಆರದೆ ನಿಲ್ಲುತ್ತದೆ.