ಕೌದಿಯ ಹೊಟ್ಟೆ

ತೊಡೆಯ ಮೇಲೆ ಮತ್ತೆ ತಣ್ಣಗಾಗುತ್ತಿದೆ, ಪ್ಲಾಸ್ಟಿಕ್ ಚೀಲದ ತಳ ಎಲ್ಲೋ ಹರಿದಿರಬೇಕು, ನೆರಿಗೆಗಳಿಗೆ ಒದ್ದೆ ಇಳಿಯುತ್ತಿದೆ, ಏಪ್ರಿಲ್ ಬಿಸಿಲು ಕುರುಗೋಡು ಬಸ್ಸಿನ ತಗಡನ್ನು ಕಾಯಿಸಿ ಕೆಂಡ ಮಾಡಿದರೂ ಹಳೆಯ ಸೀರೆಗಳ ಈ ಕೌದಿ ಒಣಗಲೊಲ್ಲದು, ಆರು ತಿಂಗಳು ಕುಡಿದ ನೀರು ಒಂದು ತಾಸಿನಲ್ಲಿ ಆರುವುದಾದರೂ ಹೇಗೆ — ಪಕ್ಕದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದು ಏನ್ರಿ ಅಕ್ಕಾರ, ಮೀನು ಒಯ್ಯಾಕತ್ತೀರೇನು ಎನ್ನುತ್ತಾಳೆ, ಮೀನಲ್ಲ ತಾಯಿ, ಕೂಸಿನ ಕೌದಿ, ಹಂಗಾದ್ರ ಒಗದು ಒಯ್ಯಬಾರ್ದಿತ್ತೇನ್ರಿ, ಒಗೆಯಬಾರದೆಂದೇ ಒಯ್ಯುತ್ತಿದ್ದೇನೆ, ಹೀಗೆಯೇ, ಇದೇ ನಾತದೊಡನೆ ಇದನ್ನು ಹೊಲಿದ ಈರಮ್ಮನ ಮುಂದೆ ಇಟ್ಟು ಇದ್ದದ್ದನ್ನು ಇದ್ದಂತೆ ಹೇಳಬೇಕು, ಹೇಳದೆ ಹಿಂದಿರುಗಿದರೆ ನಾನು ಪಂಪಾವತಿಯೇ ಅಲ್ಲ — ಬೆಳಿಗ್ಗೆ ಬಳ್ಳಾರಿಯ ಪಾರ್ವತಿನಗರದಲ್ಲಿರುವ ಸಂಸ್ಥೆಯ ಆಫೀಸಿಗೆ ಪತ್ರಗಳ ಕಟ್ಟನ್ನು ತರಲು ಹೋದದ್ದಷ್ಟೇ, ಹನ್ನೊಂದು ವರ್ಷಗಳಿಂದ ಹೋಗುತ್ತಿದ್ದೇನೆ, ಹೊರದೇಶದ ಪೋಷಕರು ಇಲ್ಲಿನ ಮಕ್ಕಳಿಗೆ ಬರೆದದ್ದನ್ನು ಕನ್ನಡಕ್ಕೆ, ಮಕ್ಕಳು ಅವರಿಗೆ ಬರೆದದ್ದನ್ನು ಇಂಗ್ಲಿಷಿಗೆ ಮಾಡಿಕೊಡುವವಳು ನಾನು, ಹೇಳಿದ್ದನ್ನು ಹೇಳಿದ ಹಾಗೆ, ಒಂದು ಮಾತು ಕೂಡಿಸದೆ, ಒಂದು ಮಾತು ಕಳೆಯದೆ, ಥೂ, ಅದಕ್ಕೆಷ್ಟು ಜಂಬ ನನಗೆ — ಕಸ ಗುಡಿಸುವ ಗಾದೆಮ್ಮ ಮ್ಯಾನೇಜರ್ ಪ್ರಭುಲಿಂಗರ ಕೋಣೆಯಲ್ಲಿ ಎಸಿಯ ಕೆಳಗಿನಿಂದ ಒಂದು ಬಟ್ಟೆಯ ಮುದ್ದೆಯನ್ನು ಕಾಲಿನಿಂದ ತಳ್ಳುತ್ತಿದ್ದಳು, ಮುದ್ದೆ ಮಗುಚಿತು, ಕೆಂಪು ತೇಪೆ ಮೇಲಾಯಿತು, ಇದು ಇಲ್ಲಿಗೆ ಹೇಗೆ ಬಂತು ಗಾದೆಮ್ಮ, ಅಯ್ಯ ಮೇಡಂ, ದೀಪಾವಳಿಯಿಂದ ಇಲ್ಲೇ ಐತ್ರಿ, ಮಷೀನು ಸೋರ್ತೈತಲ್ರಿ, ಸಾಹೇಬ್ರು ಹಾಕಂದ್ರು, ನೀರು ಚಲೋ ಹಿಡಿತೈತಿ, ನಡುವ ಒಮ್ಮಿ ಮೊಳಕಿ ಒಡದಿದ್ವು ನೋಡ್ರಿ ಇದಕ್ಕ, ಬಿಳೇ ಮೊಳಕಿ, ಇದೆಂಥಾ ಬಟ್ಟಿಯವ್ವ ಅಂತ ನಾನ ಚಿವುಟಿ ಒಗದೆ — ನಗುತ್ತಿದ್ದಳು, ಅವಳದೇನು ತಪ್ಪು, ಒರೆಸುವ ಬಟ್ಟೆ ಎಂದು ಕೊಟ್ಟರು, ಅವಳು ಒರೆಸಿದಳು.

ಕೊಡುವುದು ಅವರ ಹಕ್ಕು, ತೆಗೆದುಕೊಳ್ಳುವುದು ನಮ್ಮ ಕೆಲಸ, ಸಂಸ್ಥೆಯ ನಿಯಮ ಪುಸ್ತಕದಲ್ಲಿ ಹೀಗೆ ಬರೆದಿಲ್ಲ ಅಷ್ಟೇ, ಬರೆದಿರುವುದು ಇನ್ನೂ ನಯವಾಗಿದೆ, ಪೋಷಕರು ಮಗುವಿಗೆ ವರ್ಷಕ್ಕೊಂದು ಪಾರ್ಸಲ್ ಕಳಿಸಬಹುದು, ಮಗು ಪೋಷಕರಿಗೆ ಕಾಗದದಷ್ಟು ತೆಳ್ಳಗಿರುವ ಏನನ್ನಾದರೂ ಕಳಿಸಬಹುದು, ಚಿತ್ರ, ಒಣಗಿದ ಎಲೆ, ಬೆರಳಚ್ಚು, ಕಾಗದದಷ್ಟು ತೆಳ್ಳಗೆ — ಈರಮ್ಮನ ಮೊಮ್ಮಗಳು ಅನಿತಾಳ ಪೋಷಕಿ, ನಾರ್ವೆಯ ಹಿಲ್ಡಾ ಒಳ್ಳೆಯವಳೇ, ಅವಳನ್ನು ಬೈಯಲಾರೆ, ಆದರೂ ಬೈಯುತ್ತೇನೆ, ನಲವತ್ತೆರಡು ಡಿಗ್ರಿಯ ಊರಿನ ಹುಡುಗಿಗೆ ಉಣ್ಣೆಯ ಟೋಪಿ, ಉಣ್ಣೆಯ ಕೈಗವಸು, ನಿನ್ನ ಪುಟ್ಟ ಬೆರಳುಗಳು ಬೆಚ್ಚಗಿರಲಿ ಎಂಬ ಒಕ್ಕಣೆ, ಅನಿತಾ ಆ ಟೋಪಿ ಹಾಕಿಕೊಂಡು ಬೆವರುತ್ತಾ ಫೋಟೋಗೆ ನಿಲ್ಲಬೇಕು, ನಗಬೇಕು, ಇನ್ನೊಮ್ಮೆ ನಗಬೇಕು, ಫೋಟೋ ಮುಗಿದ ಮೇಲೆ ಅಜ್ಜಿ ಈರಮ್ಮ ಆ ಕೈಗವಸುಗಳನ್ನು ತೊಟ್ಟು ಒಲೆಯ ಮೇಲಿನ ಬಿಸಿ ಹಂಚು ಇಳಿಸುತ್ತಾಳೆ, ಹಿಲ್ಡವ್ವ ಬಲು ಶಾಣ್ಯಾಕಿ ರೀ, ಹಂಚು ಹಿಡಿಯಾಕ ಅಂತನ ಕಳಿಸ್ಯಾಳ, ಎನ್ನುತ್ತಾಳೆ, ನಾನು ಅದನ್ನೂ ಅನುವಾದಿಸಿ ಕಳಿಸಿದ್ದೆ, ಪ್ರಭುಲಿಂಗ ಆ ಸಾಲನ್ನು ಹೊಡೆದು ಹಾಕಿದ್ದರು — ಕಳೆದ ವರ್ಷ ಶ್ರಾವಣದಲ್ಲಿ ಹಿಲ್ಡಾ ಬರೆದಳು, ನಾನು ಬಸುರಿ, ಡಿಸೆಂಬರಿಗೆ ಹೆರಿಗೆ, ಆಗ ಇಲ್ಲಿ ಎಲ್ಲವೂ ಹೆಪ್ಪುಗಟ್ಟಿರುತ್ತದೆ ಎಂದು, ನಾನು ಜಗಲಿಯ ಮೇಲೆ ಕುಳಿತು ಓದಿ ಹೇಳಿದೆ, ಈರಮ್ಮ ತುಟಿಗೆ ಬೆರಳಿಟ್ಟಳು, ಅಯ್ಯ ನಮ್ಮವ್ವ, ಬಾಣಂತಿ ಮನಿಯಾಗ ಕೌದಿ ಐತೋ ಇಲ್ಲೋ, ಆಕಿಗೆ ತವರು ಐತೇನ್ರಿ, ಪತ್ರದಲ್ಲಿ ಇಲ್ಲ ಈರಮ್ಮ, ಇಲ್ಲಂದ್ರ ನಾವಽ ತವರು, ಮಾತು ಮುಗಿಯಿತು, ಮರುದಿನವೇ ಹುಟ್ಟಿದೂರು ಸಿರುಗುಪ್ಪಕ್ಕೆ ಹೊರಟಳು, ಕೂಸಿನ ಕೌದಿಗೆ ತವರಿನ ಮನೆಮನೆಯಿಂದ ಒಂದೊಂದು ಹಳೆಯ ಸೀರೆ ಕೂಡಬೇಕು, ಅಂಗಡಿಯ ಬಟ್ಟೆ ಒಂದು ಗೇಣೂ ಇರಬಾರದು, ಅಲ್ಲಿ ಅಕ್ಕ ಎರ್ರಮ್ಮ ಪೆಟ್ಟಿಗೆ ತೆರೆಯುತ್ತಾ ಆ ದೊರಸಾನಿಕಾ, ನಾ ಚೀರಾ, ಆ ದೊರೆಸಾನಿಗೆ ನನ್ನ ಸೀರೆಯೇ ಎಂದು ತೆಲುಗಿನಲ್ಲಿ ಹಾಸ್ಯ ಮಾಡಿದಳಂತೆ, ಮಾಡಿದರೂ ಮೆತ್ತನೆಯ ಸೀರೆಯನ್ನೇ ಕೊಟ್ಟಳಂತೆ, ಹೀಗೆ ಏಳು ಸೀರೆ, ಎಂಟನೆಯದು ಕೆಂಪು, ಅದು ಸಿರುಗುಪ್ಪದ್ದಲ್ಲ, ಅನಿತಾಳ ತಾಯಿಯದು, ಹೆತ್ತ ಹನ್ನೊಂದನೆಯ ದಿನ ತೀರಿಕೊಂಡ ಮಗಳ ಧಾರೆ ಸೀರೆ, ಹತ್ತು ವರ್ಷ ಟ್ರಂಕಿನಲ್ಲಿದ್ದುದನ್ನು ಈರಮ್ಮ ಕತ್ತರಿಸಿದಳು, ನನ್ನ ಮಗಳ ಕೂಸನ್ನ ಆಕಿ ನೋಡ್ಕೊಂತಾಳ, ಆಕಿ ಕೂಸಿಗೆ ನನ್ನ ಮಗಳ ಸೀರಿ ಹೊದಸ್ಲಿ, ಎಂದಳು, ಬ್ರೂಸ್‌ಪೇಟೆಯಿಂದ ದಾರದ ಉಂಡೆ ತಂದುಕೊಟ್ಟವಳು ನಾನೇ.

ಕೊನೆಯ ಮೂಲೆಗೆ ಆ ಕೆಂಪು ತೇಪೆ ಇಟ್ಟು ಮೂರು ಬದಿ ಹೊಲಿದು ನಾಲ್ಕನೆಯ ಬದಿಯನ್ನು ಬಾಯಿ ಬಿಟ್ಟಂತೆ ಬಿಟ್ಟಳು, ಯಾಕೆ ಎಂದು ಕೇಳಿದೆ, ಕೇಳುವುದೇ ನನ್ನ ಚಟ, ಈರಮ್ಮ ಸೂಜಿಯನ್ನು ತಲೆಗೂದಲಿಗೆ ತೀಡುತ್ತಾ ಹೇಳಿದಳು, ಒಂದೂರಾಗ ಒಬ್ಬಾಕಿ ಅವಸರದಾಗ ಕೌದಿ ಹೊಲದ್ಲಂತ, ಹೊಟ್ಟಿಗೆ ಏನೂ ಹಾಕಲಿಲ್ಲಂತ, ಹಸದ ಕೌದಿ ಕೂಸಿನ ಮೈಯಾಗಿನ ಕಾವೆಲ್ಲ ತಿಂದು ತಾನು ಬೆಚ್ಚಗಾತಂತ, ಕೂಸು ಕಲ್ಲಿನಂಗ ತಣ್ಣಗಾತಂತ, ಅದಕ್ಕ ಮೊದಲು ಕೌದಿಗೆ ಉಣ್ಣಸಬೇಕು, ಆಮ್ಯಾಲ ಕೂಸಿಗೆ ಹೊದಸಬೇಕು — ಸಿರುಗುಪ್ಪದವರು ಭತ್ತ ತುಂಬುತ್ತಾರೆ, ಕುರುಗೋಡಿನವರು ಜೋಳ, ಈರಮ್ಮ ತುಂಬಿದ್ದು ಜೋಳ, ಒಂದು ಹಿಡಿ, ಚಿಟಿಕೆ ಅರಿಸಿನದೊಡನೆ, ನಾನು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಇಳಿಸಿಕೊಂಡೆ, ಅಷ್ಟಕ್ಕೆ ನಿಂತಿದ್ದರೆ ಆಗುತ್ತಿತ್ತು, ನಿಲ್ಲಲಿಲ್ಲ, ಪ್ರಭುಲಿಂಗ ಅಂತೂ ಗೊಣಗುತ್ತಾ ಒಪ್ಪಿ ಪಾರ್ಸಲ್ಲಿನ ಫಾರ್ಮ್ ಮುಂದಿಟ್ಟಾಗ ಒಳಗಿರುವ ವಸ್ತು ಎಂಬಲ್ಲಿ ಹೊದಿಕೆ ಎಂದು ಒಂದು ಪದ ಬರೆದರೆ ಸಾಕಿತ್ತು, ನಾನು ಬರೆದೆ, ಎಂಟು ಹಳೆಯ ಹತ್ತಿ ಸೀರೆಗಳ ಕೌದಿ, ಮೂಲೆಯಲ್ಲಿ ಒಂದು ಹಿಡಿ ಜೋಳ, ಅರಿಸಿನ, ಒಂದು ಮಾತು ಕಳೆಯದೆ — ಇಂದು ಬೆಳಿಗ್ಗೆ ಕುರ್ಚಿಗೆ ಒರಗಿ ಪ್ರಭುಲಿಂಗ ಹೇಳುತ್ತಾರೆ, ಕೂಗಬ್ಯಾಡ್ರಿ ಮೇಡಂ, ಕಾಳು ಇದ್ದದ್ದನ್ನ ಕಸ್ಟಮ್ಸ್‌ನವ್ರು ಬಿಡಂಗಿಲ್ಲ, ಕೊರಿಯರ್‌ನವ ಅವತ್ತಽ ವಾಪಸ್ ಒಗದು ಹೋದ, ನೀವು ಬರೀದಿದ್ರ ಆರಾಮ ಹೋಗ್ತಿತ್ತು, ಯಾರು ಬಿಚ್ಚಿ ನೋಡ್ತಿದ್ರು, ನೀವಽ ಬರದ್ರಿ, ಅಷ್ಟು ಚಂದ ಇಂಗ್ಲಿಷಿನ್ಯಾಗ — ಕಾಳು ತೆಗೆದು ಕಳಿಸಬಹುದಿತ್ತು ಎಂದೆ, ಈರಮ್ಮನಿಗೆ ತಿರುಗಿ ಕೊಡಬಹುದಿತ್ತು ಎಂದೆ, ಮುದುಕಿ ದಿನಾ ಫೋನು ಮಾಡ್ತಿದ್ಲಲ್ರಿ, ವಾಪಸ್ ಬಂತು ಅಂದ್ರ ಅಳ್ತಾಳ, ಅದಕ್ಕಽ ನಿಮ್ಮ ಕೈಲೆ ಆ ಪತ್ರ ಬರೆಸಿದ್ದು, ಮರತ್ರೇನು — ಮರೆತಿಲ್ಲ, ಮರೆಯುವುದು ಹೇಗೆ, ಡಿಸೆಂಬರಿನಲ್ಲಿ ಇದೇ ಮೇಜಿನ ಮುಂದೆ ಕೂಡಿಸಿ ಅಂದಿದ್ದರು, ದಾರ್ಯಾಗ ಐತಿ ಮೇಡಂ, ಇವತ್ತು ನಾಳೆ ಮುಟ್ಟತೈತಿ, ಮುಟ್ಟೇತಿ ಅಂತ ಹಿಲ್ಡಾ ಬರದಂಗ ಎರಡು ಸಾಲು ಬರದು ಕೊಡ್ರಿ, ನಾನು ಬರೆದೆ, ಯಾರೂ ಹೇಳದೆ ಇದ್ದದ್ದನ್ನು ಬರೆದೆ, ಕೂಸು ಅದರಲ್ಲೇ ಮಲಗುತ್ತದೆ, ಬೆಚ್ಚಗಿದೆ, ಎರಡು ಸಾಲು ಕೇಳಿದರೆ ಆರು ಸಾಲು ಬರೆದೆ, ಅನಿತಾ ಅದನ್ನು ಓಣಿಯಲ್ಲಿ ಮನೆಮನೆಗೂ ಓದಿದಳು — ಸುಮ್ಮನಿರಬೇಕಾದಲ್ಲಿ ನಿಜ, ನಿಜ ಹೇಳಬೇಕಾದಲ್ಲಿ ಕತೆ, ಹನ್ನೊಂದು ವರ್ಷದ ಅಚ್ಚುಕಟ್ಟಿನ ಮುಖಕ್ಕೆ ಬೆಂಕಿ ಬೀಳಲಿ, ಪ್ರಭುಲಿಂಗರನ್ನು ಬೈದದ್ದಾಯಿತು, ಪತ್ರಗಳ ಕಟ್ಟನ್ನು ಅವರ ಮೇಜಿನ ಮೇಲೆ ಒಗೆದದ್ದಾಯಿತು, ಮೆಟ್ಟಿಲಿಳಿಯುವಾಗ ಉಳಿದ ಬೈಗುಳವೆಲ್ಲ ಯಾರ ಪಾಲಿನದೆಂದು ನನಗೇ ಗೊತ್ತಾಯಿತು.

ಕುರುಗೋಡು ಇಳೀರಿ ಕುರುಗೋಡು, ಗುಡ್ಡದ ಬಂಡೆಗಳು ಕಣ್ಣಿಗೆ ಹೊಡೆಯುತ್ತಿವೆ, ಓಣಿ ಕಾದಿದೆ, ಚೀಲ ಕಾಲಿಗೆ ಬಡಿಯುತ್ತಿದೆ, ಹೇಳಬೇಕು, ಮೊದಲನೆಯ ಮಾತಿನಲ್ಲೇ ಹೇಳಬೇಕು, ನೀರು ಕೇಳುವ ಮೊದಲು, ಕೂಡುವ ಮೊದಲು — ಬರ್ರಿ ಮೇಡಮ್ಮ, ಬಿಸಿಲಾಗ ಬಂದೀರಲ್ಲ, ಅನಿತಾ ಸಾಲಿಗೆ ಹೋಗ್ಯಾಳ, ಕೂಸಿನ ಫೋಟೋ ಬಂತೇನ್ರಿ, ಚೀಲ ಅವಳ ಕೈಯಲ್ಲಿದೆ, ಯಾವಾಗ ಕಸಿದುಕೊಂಡಳು, ನಾನಿನ್ನೂ ಬಾಯಿ ತೆರೆದಿಲ್ಲ, ಕೌದಿ ಹೊರಗೆ ಬಂದಿದೆ, ಅಯ್ಯ, ತಿರುಗಿ ಕಳಿಸ್ಯಾಳೇನ್ರಿ ಹಿಲ್ಡವ್ವ, ಕೂಸು ಅಷ್ಟರಾಗ ದೊಡ್ಡದಾತೇನು, ಕೈ ಆಡಿಸುತ್ತಾಳೆ, ಒದ್ದೆ ತಗಲುತ್ತದೆ, ಮೂಗಿಗೆ ಹಿಡಿಯುತ್ತಾಳೆ, ಮುಖ ಹಿಂಡುತ್ತದೆ, ಮರುಗಳಿಗೆ ಇಡೀ ಮುಖ ನಗೆಯಾಗುತ್ತದೆ, ಹೊಯ್ಕೊಂಡೈತ್ರಿ, ಕಳ್ಳ ಕೂಸು, ಉಚ್ಚಿ ನಾತ ನೋಡ್ರಿ, ಖಾಲಿ ಕಳಿಸಬಾರ್ದಂತ ಅದಕ್ಕೂ ಗೊತ್ತೈತಿ, ಗೋಡೆಯಾಚೆಗೆ ಕೂಗುತ್ತಾಳೆ, ಏ ಬಾರಲೇ ಇಲ್ಲಿ, ದೊರಿ ಮನಿ ಕೂಸು ನಮ್ಮ ಕೌದಿ ಹಸಿ ಮಾಡೈತಿ, ಬಂದು ನೋಡಬಾ, ನಗುತ್ತಾಳೆ, ಕಣ್ಣಲ್ಲಿ ನೀರು ಬರುವಷ್ಟು, ನಾನೂ ನಕ್ಕುಬಿಟ್ಟರೆ ಮುಗಿಯಿತು, ನಕ್ಕರೆ ಏಳನೆಯ ಸಾಲು ಬರೆದಂತೆ, ನಗಬಾರದು, ಅದು ಎಸಿಯ ನೀರು ಈರಮ್ಮ, ಧ್ವನಿ ನನ್ನದೇ, ಕೌದಿ ಹೋಗಲೇ ಇಲ್ಲ, ಬಳ್ಳಾರಿ ಬಿಡಲೇ ಇಲ್ಲ, ಆಫೀಸಿನ ನೆಲಕ್ಕೆ ಹಾಸಿದ್ದರು, ಪತ್ರ ಹಿಲ್ಡಾಳದಲ್ಲ, ನಾನು ಬರೆದದ್ದು, ನಾನೇ — ನೆರೆಯವಳು ಬಾಗಿಲಿಗೆ ಬಂದು ಎಲ್ಲಿ, ಎಲ್ಲಿ ತೋರಸು ಎನ್ನುತ್ತಿದ್ದಾಳೆ, ಈರಮ್ಮ ತೋರಿಸುತ್ತಿಲ್ಲ, ನನ್ನನ್ನು ಬೈಯುತ್ತಿಲ್ಲ, ಬೈಯಲಿ, ದೇವರೇ ಬೈಯಲಿ, ಅವಳ ಕೈ ಮೂಲೆಗೆ ಹೋಗಿದೆ, ಕೆಂಪು ತೇಪೆಗೆ, ಹೆಬ್ಬೆರಳು ಒತ್ತಿ ನೋಡುತ್ತಿದೆ, ಒಳಗೆ ಕಾಳಿಲ್ಲ, ಮೊಳೆತು ಕೊಳೆತು ಹೋಗಿವೆ, ಮತ್ತೊಮ್ಮೆ ಒತ್ತುತ್ತದೆ, ಕೆಂಪು ತೇಪೆ ಒಳಕ್ಕೆ ತಗ್ಗುತ್ತದೆ, ನೀರು ಒಸರುತ್ತದೆ, ಕೈ ತೆಗೆಯುತ್ತಿಲ್ಲ, ಕೆಂಪು ತೇಪೆ, ತಗ್ಗು, ಹೆಬ್ಬೆರಳು, ಕೆಂಪು ತೇಪೆ