ಬಿಂದಿಗೆ ಇಡುವಲ್ಲಿ ಚೊಂಬು

ಆಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುವ ಹೆಣ್ಣುಮಗಳಿಗೆ ಎಲ್ಲರೂ ಇಟ್ಟ ಹೆಸರು ನಿಧಾನಕ್ಕ. ದೊಡ್ಡ ಫೈಲುಗಳ ಓಟಕ್ಕೆ ಕಡಿವಾಣ ಹಾಕುವುದೇ ಅವಳ ಕೆಲಸ. ನಡಿಗೆಯೂ ಅಂಥದೇ, ಇರುವೆಗೂ ದಾರಿ ಬಿಟ್ಟು ನಡೆಯುವವಳು.

ಹಿಂದಿನ ದಿನವಷ್ಟೇ ಹಳೆಯ ರೌಟರ್ ತೆಗೆದು ಹೊಸದನ್ನು ಕೂರಿಸಿದ್ದಳು. ಬೆಳಗಾದರೆ ಒಬ್ಬ ಅಜ್ಜಿಯ ತಲೆಯ ಸ್ಕ್ಯಾನ್ ಚಿತ್ರಗಳು ದೂರದ ಸರ್ಜನ್ನರಿಗೆ ಹೋಗಬೇಕು. ಹತ್ತು ಗಂಟೆಯೊಳಗೆ ಅವರು ನೋಡಿ ಹೂಂ ಎಂದರೆ ಅಂದೇ ಆಪರೇಷನ್. ಇಲ್ಲವಾದರೆ ಅಜ್ಜಿ ಇನ್ನೊಂದು ವಾರ ತಲೆನೋವನ್ನು ಹೊತ್ತು ಮಲಗಬೇಕು. ಒಂಬತ್ತೂಕಾಲಾದರೂ ಚಿತ್ರಗಳು ಆಮೆಯಂತೆ ತೆವಳುತ್ತಿದ್ದವು.

ಸ್ಕ್ಯಾನ್ ಕೋಣೆಯ ಟೆಕ್ನಿಷಿಯನ್, ಅವಳ ಅಕ್ಕನ ಗಂಡ, ಬಾಗಿಲಲ್ಲಿ ಬಂದು ನಿಂತ.

"ಏನಮ್ಮ ನಾದ್ನಿ, ನಿನ್ನ ಹೆಸರನ್ನೇ ಹೊಸ ಡಬ್ಬಕ್ಕೂ ಇಟ್ಟುಬಿಟ್ಯಾ?"

"ತಡೀರಿ ಭಾವ."

"ತಡೆದೂ ತಡೆದೂ ಸಾಕಾಯ್ತು. ಆ ಕಡಿವಾಣ ಕಿತ್ತು ಬಿಸಾಕು, ನುಗ್ಗಿಕೊಂಡು ಹೋಗ್ಲಿ."

"ನುಗ್ಗಿದ್ರೆ ಐಸಿಯುನಿಂದ ಬರೋ ಎದೆಬಡಿತದ ಗೆರೆ ಎಲ್ಲಿ ಹೋಗ್ಬೇಕು? ನೀವು ಊಟಕ್ಕೆ ಕೂತ ಮೇಲೆ ಅಕ್ಕನಿಗೆ ಪಾತ್ರೆ ತಳ ಉಳಿಯುತ್ತಲ್ಲ, ಹಾಗಾಗುತ್ತೆ."

ಭಾವ ಗೋಡೆಯ ಗಡಿಯಾರದತ್ತ ಬೆರಳು ತೋರಿಸಿದ.

ನಿಧಾನಕ್ಕ ಕಣ್ಣುಮುಚ್ಚಿ ಕೈಮುಗಿದಳು. 'ದೇವರೇ, ಕೈ ಓಡದಿದ್ದರೂ ಪರವಾಗಿಲ್ಲ, ತಪ್ಪೆಲ್ಲಿದೆಯೋ ಕಣ್ಣಿಗೆ ಕಾಣಿಸು.'

ವೇಗದ ಮಿತಿ ಸರಿಯಾಗಿಯೇ ಇತ್ತು. ಅದರ ಜೊತೆಗೆ ಬರ್ಸ್ಟ್ ಎಂಬ ಇನ್ನೊಂದು ಅಳತೆಯುಂಟು: ಒಮ್ಮೆಗೆ ಎಷ್ಟು ಉಕ್ಕಿ ಬರಬಹುದು ಎಂದು. ನಲ್ಲಿ ಸಣ್ಣಗೆ ಸುರಿದರೂ ಕೆಳಗೆ ಬಿಂದಿಗೆ ತುಂಬಿದ್ದರೆ ಒಂದೇ ಸಲ ಎತ್ತಿ ಹೊಯ್ಯಬಹುದಲ್ಲ, ಹಾಗೆ. ಅವಳು ಹಳೆಯ ಡಬ್ಬಕ್ಕೆಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದ ಅಂಕಿಯನ್ನೇ ಇಲ್ಲಿಗೂ ಇಳಿಸಿದ್ದಳು. ಪರದೆಗೆ ಮೂಗು ತಾಗುವಷ್ಟು ಬಾಗಿ ನೋಡಿದಳು. ಹಳೆಯ ಡಬ್ಬ ಬೈಟಿನಲ್ಲಿ ಕೇಳುತ್ತಿದ್ದುದನ್ನು ಹೊಸದು ಬಿಟ್‌ನಲ್ಲಿ ಕೇಳುತ್ತಿತ್ತು. ಎಂಟು ಬಿಟ್ ಸೇರಿದರೆ ಒಂದು ಬೈಟ್. ಅಂಕಿ ಅದೇ, ಅಳತೆ ಎಂಟರಲ್ಲೊಂದು ಪಾಲು! ಚಿತ್ರದ ತುಣುಕುಗಳು ಅದರಲ್ಲಿ ಹಿಡಿಸದೆ ಚೆಲ್ಲಿ, ಮತ್ತೆ ಮೊದಲಿನಿಂದ ಹೊರಡುತ್ತಿದ್ದವು.

"ತಪ್ಪು ನನ್ನದೇ ಭಾವ," ಎಂದಳು. ಅಂಕಿಯನ್ನು ಎಂಟರಿಂದ ಗುಣಿಸಿ, ಎರಡು ಸಲ ಓದಿ, ಒತ್ತಿದಳು.

ಚಿತ್ರಗಳು ಸರಸರನೆ ಹರಿದವು. ಎದೆಬಡಿತದ ಗೆರೆ ಒಂದಿಷ್ಟೂ ಅಲುಗಲಿಲ್ಲ. ಹತ್ತಕ್ಕೆ ಎಂಟು ನಿಮಿಷವಿರುವಾಗ ಸರ್ಜನ್ನರ ಫೋನು ಬಂತು: "ಅಜ್ಜಿಯನ್ನ ಸಿದ್ಧ ಮಾಡಿ."

ಗಾಲಿಮಂಚ ನಿಧಾನಕ್ಕನ ಬಾಗಿಲು ದಾಟುವಾಗ ಅಜ್ಜಿ ಕಣ್ಣು ತೆರೆದರು. "ಇಷ್ಟ್ಹೊತ್ತು ಯಾಕಮ್ಮ?"

"ಬಿಂದಿಗೆ ಅಂದ್ಕೊಂಡು ಚೊಂಬು ಇಟ್ಬಿಟ್ಟಿದ್ದೆ ಅಜ್ಜಿ."

"ಅಯ್ಯೋ, ನಲ್ಲೀಲಿ ನೀರು ನಿಲ್ಲೋಕ್ಮುಂಚೆ ನೋಡ್ಕೊಂಡ್ಯಲ್ಲ, ಬಿಡು."