ನಳದ ಗುಂಡಿಗೆ ಇಳಿದವಳು

ಮಗಳು ಗಂಗಾಳ ಕಣ್ಣು ಹಳದಿಯಾದದ್ದನ್ನು ನಾನು ಕಂಡದ್ದು ಬೆಳಗಿನ ಬಿಸಿಲಿನಲ್ಲಿ ಅವಳ ತಲೆ ಬಾಚುವಾಗ. ಕೆಲವು ದಿನಗಳಿಂದ ರೊಟ್ಟಿಯ ವಾಸನೆಗೇ ಓಕರಿಸುತ್ತಿದ್ದಳು.

“ಕಾಮಣಿ ಆಗೇತೇನ, ಯವ್ವಾ?” ಎಂದು ಅವಳೇ ಕೇಳಿದಳು. “ಇದ ಒಂದ ಬಾಕಿ ಇತ್ತ ನೋಡು.”

ಲಾರಿ ಓಡಿಸುತ್ತಿದ್ದ ಅಳಿಯ ಹಿಂದಿನ ವರ್ಷ ತೀರಿಹೋಗಿದ್ದ. ಆಗ ಮೀರಜದ ದವಾಖಾನೆಯಲ್ಲಿ ಗಂಗಾಳ ರಕ್ತವನ್ನೂ ನೋಡಿ, ಅವಳಿಗೂ ಅದೇ ಏಡ್ಸ್‌ ರೋಗವಿದೆ ಎಂದಿದ್ದರು. ನಾನು ಅವಳನ್ನು ಅಥಣಿಗೆ, ನಮ್ಮ ಮನೆಗೆ ಕರೆತಂದೆ. ವಾರದೊಳಗೆ ಸುದ್ದಿ ಓಣಿಯನ್ನೆಲ್ಲ ಸುತ್ತಿತು. ಅವತ್ತಿನಿಂದ ಅವಳನ್ನು ನಳದ ಗುಂಡಿಯ ಹತ್ತಿರ ಬಿಡಲಿಲ್ಲ.

ನಮ್ಮ ಓಣಿಯ ನಳದಲ್ಲಿ ನೀರು ಮೇಲಕ್ಕೆ ಏರುವುದಿಲ್ಲ. ಅದಕ್ಕೇ ನೆಲ ಅಗೆದು, ಎದೆಮಟ್ಟದ ಗುಂಡಿ ಮಾಡಿ, ಪೈಪನ್ನು ಅದರ ತಳದಲ್ಲೇ ಬಿಟ್ಟಿದ್ದಾರೆ. ಸರದಿ ಬಂದವಳು ಒಳಗೆ ಇಳಿದು ತನ್ನ ಕೊಡ ತುಂಬಬೇಕು, ಹಿಂದೆ ನಿಂತವಳ ಕೊಡವನ್ನೂ ತುಂಬಿ ಮೇಲೆ ಕೊಡಬೇಕು. ಅದು ಓಣಿಯ ರೂಢಿ. ಗಂಗಾ ತುಂಬಿದ ಕೊಡ ಯಾರಿಗೂ ಬೇಡವಾಗಿತ್ತು. ಹಾಗಾಗಿ ನಾನೇ ತರುತ್ತಿದ್ದೆ.

ಮೀರಜದ ಡಾಕ್ಟರು ಅವಳ ಹೊಟ್ಟೆ ಒತ್ತಿ ನೋಡಿ, ನೀರು ಎಲ್ಲಿಂದ ತರುತ್ತೀರಿ ಎಂದು ಕೇಳಿದರು. ಗುಂಡಿಯ ವಿಷಯ ಹೇಳಿದೆ. ಪಕ್ಕದಲ್ಲಿ ಗಟಾರ ಇದೆಯೇ ಎಂದರು. ಇದೆ ಎಂದೆ.

“ಮಾವಶಿ, ನಳ ನಿಂತಾಗ ಗಟಾರದ ನೀರು ಪೈಪಿನೊಳಗ ಹೋಗ್ತದ. ಈ ಕಾಮಣಿ ಬರೋದು ಹೊಲಸ ನೀರಿನಿಂದ. ಆ ಏಡ್ಸ್ ರೋಗ ನೀರಿನಿಂದ ಬರೂದಿಲ್ಲ, ಕೊಡಾ ಮುಟ್ಟಿದರೂ ಬರೂದಿಲ್ಲ. ಆದರ ಆಕಿ ಮೈಯಾಗ ತಾಕತ್ತಿಲ್ಲ, ಜ್ವಾಪಾನ. ಪಾಣಿ ಉಕಳೂನ್ ಪ್ಯಾ.”

ಅವರು ಹೇಳಿದಂತೆ ನೀರು ಕುದಿಸಿ ಕುದಿಸಿ ಕಟ್ಟಿಗೆ ಮುಗಿಯಿತು. ಗಂಜಿಯನ್ನು ಚಮಚದಿಂದ ಕುಡಿಸುತ್ತಿದ್ದೆ. ಅರ್ಧ ಒಳಗೆ, ಅರ್ಧ ನನ್ನ ಸೆರಗಿಗೆ.

ಅಷ್ಟರಲ್ಲಿ ನಮ್ಮ ಓಣಿಯ ಸಕ್ಕುಬಾಯಿಯ ಮಗನ ಕಣ್ಣೂ ಹಳದಿಯಾಯಿತು. ಆಮೇಲೆ ಎದುರುಮನೆಯ ಮುದುಕನದು. ಒಂದು ಬೆಳಿಗ್ಗೆ ನಾನು ಕೊಡ ಹಿಡಿದು ಹೋದಾಗ ಗುಂಡಿಗೆ ಅಡ್ಡಲಾಗಿ ಜಾಲಿಮುಳ್ಳು ಬಿದ್ದಿತ್ತು. ಓಣಿಯ ಹಿರಿಯರಾದ ಅಣ್ಣಾಸಾಬರು ಕಟ್ಟೆಯ ಮೇಲೆ ಕೂತಿದ್ದರು.

“ಚನ್ನವ್ವ, ಮಗಳನ್ನ ತೆಲಸಂಗಕ್ಕ ನಿಮ್ಮಣ್ಣನ ಮನಿಗಿ ಕಳಿಸಿಬಿಡು. ಆಕಿ ರೋಗ ಓಣಿಗೆಲ್ಲಾ ಹಬ್ಬಾಕತ್ತೈತಿ.”

“ನೀರಿಗಿ ವಿಷಾ ಹಾಕ್ಯಾಳ ನಿನ್ನ ಮಗಳು!” ಎಂದು ಸಕ್ಕುಬಾಯಿ ಕೂಗಿದಳು.

ನಾನು ಕೊಡ ಕೆಳಗಿಟ್ಟೆ.

“ಯಾವಾಗ ಹಾಕಿದಳು ಸಕ್ಕುಬಾಯಿ? ಆಕಿ ಈ ಗುಂಡಿಗಿ ಇಳಿದು ವರ್ಷಾತು. ನೀವ ಇಳಿಯಾಕ ಬಿಟ್ಟಿಲ್ಲ. ಕಾವಲಾ ಕಾದಾಕಿನ ನೀನು! ಆಕಿಯಿಂದ ನಿಮಗ ಬಂದಿಲ್ಲ. ನಿಮ್ಮ ಗುಂಡಿ ನೀರಿನಿಂದ ನನ್ನ ಮಗಳಿಗಿ ಕಾಮಣಿ ಬಂದೈತಿ.”

ಮುಳ್ಳನ್ನು ಕಾಲಿನಿಂದ ಸರಿಸಿ ಒಳಗೆ ಇಳಿದೆ. ಪೈಪಿಗೆ ಸುತ್ತಿದ್ದ ಗೋಣಿತಟ್ಟನ್ನು ಬಿಚ್ಚಿದೆ. ಅದರ ಹಿಂದೆ ಗಟಾರದ ಕಲ್ಲು ಬಿರುಕುಬಿಟ್ಟು ಕಪ್ಪು ನೀರು ಜಿನುಗುತ್ತಿತ್ತು. ತಳದಲ್ಲಿ ನಿಂತ ನೀರನ್ನು ಅಲ್ಲೇ ಇದ್ದ ತಂಬಿಗೆಯಲ್ಲಿ ತುಂಬಿ, ಮೇಲೆ ಬಂದು ಅಣ್ಣಾಸಾಬರ ಮುಂದೆ ಇಟ್ಟೆ.

“ಇದು ಪೈಪಿನ್ಯಾಗ ಹೋಗತೈತಿ. ಕುಡೀರಿ. ನನ್ನ ಮಗಳು ಮುಟ್ಟಿಲ್ಲರಿ ಇದನ್ನ.”

ಅವರು ಕುಡಿಯಲಿಲ್ಲ. ಮರುದಿನ ಗವಂಡಿಯನ್ನು ಕರೆಸಿ ಗಟಾರಕ್ಕೆ ಸಿಮೆಂಟು ಹಾಕಿಸಿದರು. ಆದರೆ ಗಂಗಾ ನೀರಿಗೆ ಬರಲಿ ಎಂದು ಮಾತ್ರ ಯಾರೂ ಹೇಳಲಿಲ್ಲ.

ಹೇಳುವವರೆಗೆ ಕಾಯುವುದು ನನಗೂ ಬೇಕಿರಲಿಲ್ಲ. ಅವಳು ಸುಧಾರಿಸಲು ಉಳಿದವರಿಗಿಂತ ಬಹಳ ದಿನ ಹಿಡಿಯಿತು. ಸಕ್ಕುಬಾಯಿಯ ಮಗ ಓಣಿಯಲ್ಲಿ ಓಡಾಡುವಾಗ ಇವಳಿನ್ನೂ ಗೋಡೆ ಹಿಡಿದು ನಡೆಯುತ್ತಿದ್ದಳು. ಒಂದು ಮುಂಜಾನೆ ಅವಳಾಗಿಯೇ ಕೊಡ ಎತ್ತಿಕೊಂಡಳು.

“ಸಣ್ಣ ಕೊಡಾ ತೊಗೋ, ಗಂಗವ್ವ,” ಎಂದೆ.

“ದೊಡ್ಡದ ಇರಲಿ ಬೇ. ಹೆಂಗೂ ನೋಡತಾರ, ಛಲೋತ್ನಾಗಿ ನೋಡಲಿ.”

ಪಾಳಿಯಲ್ಲಿ ನಿಂತೆವು. ಸರದಿ ಬಂದಾಗ ಅವಳು ಇಳಿದಳು. ನಾನು ದಂಡೆಯ ಮೇಲೆ ನಿಂತು ಅವಳ ತೋಳು ಹಿಡಿದಿದ್ದೆ. ತನ್ನ ಕೊಡ ತುಂಬಿ, ರೂಢಿಯಂತೆ ಕೈ ಮೇಲಕ್ಕೆ ಚಾಚಿದಳು.

“ಯಾರದ ಮುಂದಿಂದು? ಕೊಡ್ರಿ.”

ಯಾರೂ ಮಿಸುಕಲಿಲ್ಲ. ನೀರು ಸುಮ್ಮನೆ ಹರಿದುಹೋಗುತ್ತಿತ್ತು. ಅವಳು ಚಾಚಿದ ಕೈಯನ್ನು ಹಿಂದೆಗೆಯಲಿಲ್ಲ.

“ನಿಮ್ಮ ಸಿಟ್ಟಿನ್ಯಾಗ ನಳಾ ನಿಲ್ಲತೈತಿ! ನನ್ನ ಮನ್ಯಾಗ ಹನಿ ನೀರಿಲ್ಲ,” ಎನ್ನುತ್ತ ಪಾಳಿಯ ಕೊನೆಯಲ್ಲಿದ್ದ ಜನ್ನತಬಿ ಎಲ್ಲರನ್ನೂ ಸರಿಸಿ ಬಂದಳು. “ಹಿಡಿ ಗಂಗಾ. ತುಂಬ ತುಂಬು, ಅರ್ಧಾ ಕೊಟ್ಟರ ಬೈತೀನಿ.”

ಗಂಗಾ ತುಂಬಿ ಎತ್ತಿಕೊಟ್ಟಳು. ಸಕ್ಕುಬಾಯಿ ಖಾಲಿ ಕೊಡ ಬಡಿದುಕೊಂಡು ಮನೆಗೆ ಹೊರಟಳು.

“ಹೋಗಲಿ ಬಿಡು,” ಎಂದಳು ಜನ್ನತಬಿ. “ಪಾಳಿ ಸಣ್ಣದಾತು.”